ಕಳುಹಿಸಿದವರ ಹೆಸರು

ನನ್ನ ತಮ್ಮ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವನಿಂದ ನನಗೊಂದು ಸೈಕಲ್ ಬಂತು. ಬಂತು ಎಂದರೆ ಮನೆಗೆ ಬರಲಿಲ್ಲ; ಏರ್‌ಪೋರ್ಟಿನ ಕಾರ್ಗೋ ಕಟ್ಟಡದವರೆಗೆ ಬಂದು ಅಲ್ಲೇ ನಿಂತಿತು. ಫೋನಿಗೆ ಬಂದ ಮೆಸೇಜಿನಲ್ಲಿ ಇದ್ದದ್ದಿಷ್ಟು: ನಿಮ್ಮ ಹೆಸರಿಗೆ ಒಂದು ಪಾರ್ಸೆಲ್ ಇದೆ, ಸುಂಕ ಕಟ್ಟಬೇಕಿದೆ, ಆಧಾರ್ ಪ್ರತಿ ಕಳಿಸಿ. ಕಳುಹಿಸಿದವರು ಎಂಬಲ್ಲಿ ತಮ್ಮನ ಹೆಸರಿತ್ತು. ಅದನ್ನು ಓದಿ ನನಗೇನೂ ಆಗಲಿಲ್ಲ. ಫೋನನ್ನು ಬ್ಯಾಗಿಗೆ ಹಾಕಿಕೊಂಡು ಮುಂದಿನ ಮನೆಯ ಕಂದಾಯ ಕೇಳಲು ಹೋದೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್. ಮನೆ ಕಂದಾಯ, ನೀರಿನ ಕಂದಾಯ ವಸೂಲಿ ಮಾಡುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ಮೆತ್ತಗೆ ಕೇಳಿದರೆ ಯಾರೂ ಕೊಡುವುದಿಲ್ಲ ಎಂದು ಹೇಳಿಕೊಳ್ಳುತ್ತೇನೆ, ಆದರೆ ನಿಜ ಹೇಳಬೇಕೆಂದರೆ ಕೊಡುವವರಿಗೂ ಬೈಯುತ್ತೇನೆ. ಅದರಲ್ಲೂ ಸತ್ತವರ ಹೆಸರಲ್ಲಿ ಕಂದಾಯ ಕಟ್ಟುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನಮ್ಮ ಕಡೆ ಮನುಷ್ಯ ಸತ್ತರೂ ಖಾತೆಯಲ್ಲಿ ಸಾಯುವುದಿಲ್ಲ. ಅಪ್ಪ ಹೋಗಿ ಇಪ್ಪತ್ತು ವರ್ಷವಾಗಿರುತ್ತದೆ, ಮೊಮ್ಮಗ ಕಾಲೇಜಿಗೆ ಹೋಗುತ್ತಿರುತ್ತಾನೆ, ರಸೀದಿ ಮಾತ್ರ ಇನ್ನೂ ಆ ಅಪ್ಪನ ಹೆಸರಲ್ಲೇ. ಒಂದು ಅರ್ಜಿ, ಒಂದು ಮರಣ ಪತ್ರ, ವಂಶವೃಕ್ಷ ಕೊಟ್ಟರೆ ಮುಗಿಯುವ ಕೆಲಸ. ಮಾಡುವುದಿಲ್ಲ. ಕೇಳಿದರೆ ‘ಮಾಡ್ಸಣ ಬಿಡಮ್ಮ’ ಎಂದು ನಗುತ್ತಾರೆ.

ಇವರಲ್ಲೆಲ್ಲ ನನ್ನ ಬೈಗುಳ ಹೆಚ್ಚು ತಿಂದದ್ದು ಒಬ್ಬ ಅಜ್ಜಿ. ನಮ್ಮೂರಿನವಳಲ್ಲ, ಪಂಚಾಯಿತಿಯ ಕೊನೆಯ ಹಳ್ಳಿಯವಳು. ಪ್ರತಿ ವರ್ಷ ಬಸ್ಸಿನಲ್ಲಿ ಬಂದು, ಸೆರಗಿನ ಗಂಟಿನಿಂದ ಹಳೆಯ ರಸೀದಿ ತೆಗೆದು ನನ್ನ ಮೇಜಿನ ಮೇಲಿಡುತ್ತಾಳೆ. ಯಾರ ಹೆಸರಿಗೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ, ಬೆರಳಲ್ಲಿ ತೋರಿಸುತ್ತಾಳೆ. ಗಂಡನ ಹೆಸರು ಹೇಳಬಾರದು ಎನ್ನುವ ಕಾಲದವಳು. ಕಂದಾಯ ಕಟ್ಟಿಸಿಕೊಂಡು ಹೊಸ ರಸೀದಿ ಕೊಟ್ಟರೆ ಎದ್ದು ಹೋಗುವುದಿಲ್ಲ. ‘ಓದಮ್ಮಾ’ ಎನ್ನುತ್ತಾಳೆ. ನಾನು ಗಡಿಬಿಡಿಯಲ್ಲಿ ಓದಿ, ‘ಸತ್ತೋರು ಕಂದಾಯ ಕಟ್ತಾರೇನಜ್ಜಿ? ಮುಂದಿನ ವರ್ಷ ನಿನ್ನ ಹೆಸರಿಗೆ ಮಾಡಿಸ್ಕೊಂಡೇ ಬರ್ಬೇಕು’ ಎಂದು ಗದರಿಸಿ ಕಳಿಸುತ್ತೇನೆ. ಅವಳು ತನ್ನ ತೆಲುಗು ಬೆರೆತ ಮಾತಿನಲ್ಲಿ ‘ಆಯ್ತಮ್ಮ ತಲ್ಲೀ’ ಎಂದು ಹೋಗುತ್ತಾಳೆ. ಮರುವರ್ಷ ಮತ್ತೆ ಅದೇ ರಸೀದಿ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅವನು ಚಿಕ್ಕಬಳ್ಳಾಪುರದ ಹತ್ತಿರ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಮೇಲ್ವಿಚಾರಕನಾಗಿದ್ದ. ಹೂವಿನ ಕೆಲಸ ಕೈಗೆ ಹತ್ತಿದ್ದರಿಂದ, ಮೂವತ್ತೈದು ದಾಟಿದ ಮೇಲೆ ಹಾಲೆಂಡಿನ ಒಂದು ದೊಡ್ಡ ಗಾಜಿನ ಮನೆಯ ತೋಟಕ್ಕೆ ಕೆಲಸಕ್ಕೆ ಹೋದ. ಅಲ್ಲಿ ಕೆಲಸಕ್ಕೆ ಹೋಗಿ ಬರಲು ಒಂದು ಸೈಕಲ್ ಕೊಂಡ. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಮೊದಲು ಸೈಕಲ್ಲಿನ ಮುಖ ತೋರಿಸಿ ಆಮೇಲೆ ತನ್ನ ಮುಖ ತೋರಿಸುತ್ತಿದ್ದ. ‘ಅಕ್ಕಾ, ಇಲ್ಲಿ ಅಜ್ಜೀರೂ ಸೈಕಲ್ ಹೊಡೀತಾರೆ ಕಣೇ. ನಿಂಗೆ ಇದನ್ನೇ ತಂದ್ಕೊಡ್ತೀನಿ, ಕಲ್ತ್ಕೋ’ ಎನ್ನುತ್ತಿದ್ದ.

ಅದಕ್ಕೊಂದು ಹಿನ್ನೆಲೆಯಿದೆ. ನಾವು ಚಿಕ್ಕವರಿದ್ದಾಗ ಗೌರಿಬಿದನೂರಿನಲ್ಲಿದ್ದೆವು. ಅಲ್ಲಿ ಗಂಟೆಯ ಲೆಕ್ಕಕ್ಕೆ ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ವಿದುರಾಶ್ವತ್ಥದ ರಸ್ತೆಯಲ್ಲಿ ಅವನು ಸೈಕಲ್ ಹತ್ತುವುದು, ನಾನು ಹಿಂದೆ ಸೀಟು ಹಿಡಿದು ಓಡುವುದು. ನಾನು ದೊಡ್ಡವಳಾಗಿದ್ದೆ, ಹತ್ತುವ ಹಾಗಿರಲಿಲ್ಲ; ಓಡಬಹುದಿತ್ತು. ಅವನು ಕಲಿತ. ನಾನು ಓಡುವುದರಲ್ಲೇ ಉಳಿದೆ.

ಒಂದು ಬೆಳಗ್ಗೆ ಕೆಲಸದ ಜಾಗದಲ್ಲಿ ಅವನ ಎದೆಬಡಿತ ನಿಂತಿತು. ಹನ್ನೆರಡನೇ ದಿನಕ್ಕೆ ದೇಹ ಪೆಟ್ಟಿಗೆಯಲ್ಲಿ ಬಂತು, ಇದೇ ಕಾರ್ಗೋ ಕಟ್ಟಡಕ್ಕೆ. ಅದಕ್ಕೆ ಸುಂಕ ಇರಲಿಲ್ಲ. ಕಾಗದಗಳನ್ನೆಲ್ಲ ನನ್ನ ಗಂಡ ತುಂಬಿದರು, ನಾನು ಪಕ್ಕದ ಬೆಂಚಿನಲ್ಲಿ ಕೂತು ಸರಕು ಇಳಿಸುವ ಗಾಡಿಗಳನ್ನು ನೋಡುತ್ತಿದ್ದೆ. ಹೊಲದಲ್ಲಿ ಮಣ್ಣು ಮಾಡಿದೆವು. ತಿಥಿಯ ದಿನ, ಮನೆಯಲ್ಲಿ ಉಳಿದಿದ್ದ ಅವನ ಬಟ್ಟೆ, ಚಾಪೆ, ಹೊದಿಕೆ, ತಟ್ಟೆ, ಲೋಟ ಎಲ್ಲವನ್ನೂ ದೊಡ್ಡವರು ಊರಾಚೆ ಹಾಕಿಬಂದರು. ಹೋದವರ ಸಾಮಾನು ಮನೆಯಲ್ಲಿ ಇಡಬಾರದು ಎನ್ನುವುದು ನಮ್ಮ ಪದ್ಧತಿ. ನಾನು ಬೇಡವೆನ್ನಲಿಲ್ಲ. ಅಳಲೂ ಇಲ್ಲ. ನೆಂಟರು ಗಟ್ಟಿ ಹೆಂಗಸು ಎಂದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ಇರುತ್ತದಲ್ಲ, ಹಾಗೆ ಇದ್ದೆ. ಅಡುಗೆ ಮಾಡುತ್ತಿದ್ದೆ, ಊಟ ಮಾಡುತ್ತಿದ್ದೆ, ಕಂದಾಯ ಕಟ್ಟಿಸಿಕೊಳ್ಳುತ್ತಿದ್ದೆ.

ಹಾಲೆಂಡಿನಲ್ಲಿ ಅವನ ಜೊತೆ ಕೋಣೆ ಹಂಚಿಕೊಂಡಿದ್ದವನು ನಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನವನೇ, ಕೆಂಚಾರ್ಲಹಳ್ಳಿ ಕಡೆಯವನು. ಪಾರ್ಸೆಲ್ ವಿಷಯ ಕೇಳಲು ಅವನಿಗೆ ಫೋನ್ ಮಾಡಿದೆ.

‘ಅಕ್ಕಾ, ನಾನೇ ಕಳಿಸ್ದೆ. ನಿಮಗೆ ಕೊಡ್ತೀನಿ ಅಂತ ಯಾವಾಗ್ಲೂ ಅಂತಿದ್ದ. ಹೊಸ ಟೈರು ಹಾಕ್ಸಿದೀನಿ, ಸೀಟೂ ಹೊಸದು. ತೊಳೆದು ಪಾಲಿಶ್ ಮಾಡ್ಸಿ, ಫಾರ್ಮಲ್ಲಿ ಹೊಸ ಸೈಕಲ್, ಉಡುಗೊರೆ ಅಂತ ಬರ್ದೆ.’

‘ಹೊಸದು ಅಂತ ಯಾಕಪ್ಪಾ ಬರ್ದೆ?’

‘ಹೋದೋರ ಸಾಮಾನು ಅಂತ ಬರೆದ್ರೆ ಮನೆ ಒಳಗೆ ಬಿಡ್ತೀರಾ ಅಕ್ಕಾ? ನಮ್ಮೂರ್ ಕಡೆ ಗೊತ್ತಲ್ಲ. ಅದಕ್ಕೇ ಅವನ ಹೆಸರಲ್ಲೇ ಕಳಿಸ್ದೆ. ಅವನೇ ಕಳಿಸ್ದಂಗೆ ಇರ್ಲಿ ಅಂತ.’

ನಮ್ಮ ಕಡೆಯವನಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಅಷ್ಟು ದೂರ ಹೋಗಿ, ಆ ಚಳಿಯಲ್ಲಿ ಸೈಕಲ್ಲನ್ನು ತಿಕ್ಕಿ ತೊಳೆದು, ನಮ್ಮ ಮನೆಯ ಹೊಸ್ತಿಲ ಬಗ್ಗೆ ಯೋಚಿಸಿದ್ದಾನೆ. ಅವನಿಗೂ ನಾನು ಬೈಯಲಿಲ್ಲ. ಬೈಗುಳ ಬರುವುದೇ ನಿಂತುಹೋಗಿತ್ತು.

ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿ ಹೋದೆ. ಕಾರ್ಗೋ ಕಟ್ಟಡದ ಎದುರಿಗೆ, ಕಸ್ಟಮ್ಸಿನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಸಾಲು ಸಾಲು ಕೋಣೆಗಳು. ಒಬ್ಬ ನಡುವಯಸ್ಸಿನ ಏಜೆಂಟು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದವರು, ಸುಂಕದ ವಿವರ ತೋರಿಸಿದರು. ಮೂಲ ಸುಂಕ, ಅದರ ಮೇಲೆ ಸರ್‌ಚಾರ್ಜ್, ಅವೆರಡನ್ನೂ ಬೆಲೆಗೆ ಸೇರಿಸಿ ಆ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ. ಬೆಲೆ ಎಂದರೆ ಸೈಕಲ್ಲಿನ ಬೆಲೆ ಒಂದೇ ಅಲ್ಲ, ವಿಮಾನದ ಬಾಡಿಗೆಯೂ ಇನ್ಶೂರೆನ್ಸೂ ಅದರೊಳಗೇ. ಹಾರಿಬಂದ ದಾರಿಗೂ ಸುಂಕ. ಉಡುಗೊರೆಯಾದರೂ ಬಿಡುವುದಿಲ್ಲವಂತೆ. ಎಲ್ಲ ಸೇರಿದರೆ ನನ್ನ ಮೂರು ತಿಂಗಳ ಸಂಬಳ. ನಮ್ಮ ಪಂಚಾಯಿತಿಗೆ ಇಷ್ಟು ಬುದ್ಧಿ ಇದ್ದಿದ್ದರೆ ಊರಿಗೆಲ್ಲ ಕಾಂಕ್ರೀಟ್ ರಸ್ತೆ ಆಗುತ್ತಿತ್ತು ಎಂದುಕೊಂಡೆ. ಬೇರೆ ದಿನವಾಗಿದ್ದರೆ ಹೇಳಿಯೂ ಬಿಡುತ್ತಿದ್ದೆ.

‘ಕಳಿಸಿದವ್ರು ಯಾರು ಮೇಡಂ?’ ಎಂದರು ಏಜೆಂಟು.

‘ತಮ್ಮ. ತೀರ್ಕೊಂಡಿದಾನೆ.’

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಅವನೇ ಓಡಿಸುತ್ತಿದ್ದ ಸೈಕಲ್ಲೇ ಎಂದು ಕೇಳಿದರು. ಹೌದೆಂದೆ. ದೇಹ ತಂದಾಗ ರಾಯಭಾರ ಕಚೇರಿಯವರು ಕೊಟ್ಟಿದ್ದ ಕಾಗದ ಇದೆಯೇ ಎಂದರು. ಫೋನಿನಲ್ಲಿತ್ತು, ತೋರಿಸಿದೆ.

‘ಅಯ್ಯೋ, ಹಂಗಾದ್ರೆ ಸುಂಕ ಯಾಕ್ ಕಟ್ತೀರಾ? ತೀರ್ಕೊಂಡೋರು ಬಳಸಿದ ಸಾಮಾನಿಗೆ ವಿನಾಯಿತಿ ಇದೆ. ಈ ಹೊಸದು, ಉಡುಗೊರೆ ಅಂತ ಬರ್ದಿರೋದು ತಪ್ಪು ಅಂತ ಒಂದು ಲೆಟರ್ ಕೊಡಿ. ಎಂಬೆಸಿಯಿಂದ ಇನ್ನೊಂದು ಸರ್ಟಿಫಿಕೇಟ್ ತರಿಸೋಣ. ಸ್ವಲ್ಪ ಓಡಾಟ ಆಗುತ್ತೆ, ಆದ್ರೆ ಕೆಲಸ ಆಗುತ್ತೆ.’

ಬಿಳಿ ಹಾಳೆ, ಪೆನ್ನು ಕೊಟ್ಟು ಅವರೇ ಹೇಳುತ್ತಾ ಹೋದರು. ‘ಮಾನ್ಯರೆ, ಈ ಪಾರ್ಸೆಲ್ಲನ್ನು ಕಳುಹಿಸಿದವರೆಂದು ನಮೂದಾಗಿರುವ ವ್ಯಕ್ತಿ ಮೃತಪಟ್ಟಿದ್ದು...’

ವ್ಯಕ್ತಿ ಎಂಬಲ್ಲಿಯವರೆಗೆ ಬರೆದೆ. ಮುಂದಿನ ಪದ ನನಗೆ ಹೊಸದೇನಲ್ಲ. ಓದುಬರಹ ಬಾರದವರ ಅರ್ಜಿಗಳಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಬರೆಯುತ್ತಲೇ ಟೀ ಕುಡಿದಿದ್ದೇನೆ. ಈಗ ಕೈ ಮುಂದೆ ಹೋಗಲಿಲ್ಲ. ಅಳು ಬಂದು ಅಲ್ಲ. ಕೈ ಸುಮ್ಮನೆ ನಿಂತಿತು. ಹಾಳೆಯ ಪಕ್ಕದಲ್ಲಿ ಪಾರ್ಸೆಲ್ಲಿನ ಕಾಗದ ಇತ್ತು. ಕಳುಹಿಸಿದವರು: ನನ್ನ ತಮ್ಮ. ಪಡೆಯುವವರು: ನಾನು. ವಸ್ತು: ಸೈಕಲ್, ಹೊಸದು, ಉಡುಗೊರೆ. ದಿನಾಂಕ, ಅವನು ಹೋದ ಮೇಲಿನದು. ಲೋಕದಲ್ಲಿ ಅವನು ಇನ್ನೂ ಇದ್ದಾನೆ ಎಂದು ಹೇಳುವ ಕಾಗದ ಇದೊಂದೇ. ಅದನ್ನು ತಪ್ಪು ಎಂದು ನನ್ನ ಕೈಯಲ್ಲೇ ಬರೆಯಬೇಕಿತ್ತು.

ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಅವರು ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ.

‘ಹೋದ ಬೆಳೆ ಗೂಡಿನ ದುಡ್ಡು ಇದೆಯಲ್ಲ. ಕಟ್ಬಿಡು’ ಎಂದರು.

ಒಳಗೆ ಬಂದು ಸುಂಕ ಕಟ್ಟುತ್ತೇನೆಂದೆ. ಏಜೆಂಟಿಗೆ ಅರ್ಥವಾಗಲಿಲ್ಲ. ‘ಸುಮ್ನೆ ಯಾಕ್ ಮೇಡಂ?’ ಎಂದರು.

‘ತಮ್ಮ ಕಳ್ಸಿರೋದು ಸಾರ್.’

ಅವರು ನಾನು ಅರ್ಧ ಬರೆದಿದ್ದ ಹಾಳೆಯನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿ ಕಂಪ್ಯೂಟರಿನ ಕಡೆ ತಿರುಗಿದರು.

ಸೈಕಲ್ ಬಂದದ್ದು ಒಂದು ವಾರಕ್ಕೆ, ಗೂಡ್ಸ್ ಆಟೋದಲ್ಲಿ. ಅಮ್ಮ ಆಗ ನಮ್ಮ ಮನೆಯಲ್ಲೇ ಇದ್ದಳು. ರಟ್ಟಿನ ಪೆಟ್ಟಿಗೆಯನ್ನು ನೋಡಿ ಬಾಗಿಲಲ್ಲೇ ನಿಂತಳು.

‘ಹೊಸದಾ?’

‘ಹೊಸದಮ್ಮ.’

‘ಯಾರು ಕಳ್ಸಿದ್ದು?’

ನಾನು ಸುಂಕದ ಕಾಗದ ತೋರಿಸಿದೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ಮಗನ ಹೆಸರು ಇಂಗ್ಲಿಷಿನಲ್ಲಿ ಹೇಗಿರುತ್ತದೆಂದು ಅವನು ಕಳಿಸುತ್ತಿದ್ದ ದುಡ್ಡಿನ ಮೆಸೇಜುಗಳಿಂದ ಗೊತ್ತು. ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ನನ್ನ ಗಂಡ ಪೆಟ್ಟಿಗೆ ಬಿಚ್ಚಿ ಸೈಕಲ್ ನಿಲ್ಲಿಸಿದರು. ಹಳೆಯದೋ ಹೊಸದೋ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಅವನು ವಿಡಿಯೋದಲ್ಲಿ ಆ ನೀಲಿ ಸೈಕಲ್ಲನ್ನು ಅವಳಿಗೂ ತೋರಿಸಿದ್ದ. ಒಳಗೆ ಹೋಗಿ ಅರಿಶಿನ, ಕುಂಕುಮ, ಎರಡು ನಿಂಬೆಹಣ್ಣು ತಂದಳು. ಹೊಸ ಗಾಡಿಗೆ ಮಾಡುವಂತೆ ಪೂಜೆ ಮಾಡಿ, ತಾನೇ ಹಿಡಿದು ಒಳಗೆ ತಂದಳು. ಆಗಲೂ ನಾನು ಅಳಲಿಲ್ಲ. ಒಡೆದ ನಿಂಬೆಹಣ್ಣನ್ನು ಗುಡಿಸಿ ಹಾಕಿದೆ.

ಅದಾದ ಮೇಲಿನ ಸೋಮವಾರ ಅಜ್ಜಿ ಬಂದಳು. ಬಸ್ಸು ಇಳಿದು ಏದುಸಿರು ಬಿಡುತ್ತಾ, ಸೆರಗಿನ ಗಂಟು ಬಿಚ್ಚಿ ರಸೀದಿ ಇಟ್ಟಳು. ನಾನು ಏನನ್ನೂ ಕೇಳದೆ ಅದೇ ಹೆಸರಿನಲ್ಲಿ ಕಂದಾಯ ಕಟ್ಟಿಸಿಕೊಂಡೆ. ಮೆಷಿನ್ನಿನಿಂದ ಚೀಟಿ ಬಂತು. ಕೊಟ್ಟೆ. ಅವಳು ಎದ್ದು ಹೋಗಲಿಲ್ಲ.

‘ಓದಮ್ಮಾ.’

ಓದಿದೆ. ಅವಳ ಗಂಡನ ಹೆಸರು, ಅವನ ತಂದೆಯ ಹೆಸರು, ಮನೆ ನಂಬರು. ಓದುತ್ತಿರುವಾಗ ಅವಳ ಮುಖ ನೋಡಿದೆ. ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ. ಮನೆ ನಂಬರು ಅವಳಿಗೆ ಬೇಕಾಗಿರಲಿಲ್ಲ. ಅವಳು ಬಾಯಿಬಿಟ್ಟು ಹೇಳಬಾರದ ಒಂದು ಹೆಸರನ್ನು ವರ್ಷಕ್ಕೊಮ್ಮೆ ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು, ಅಷ್ಟೇ. ಅದಕ್ಕಾಗಿ ಬಸ್ ಚಾರ್ಜು ಕೊಟ್ಟು ಬಂದು, ಕಂದಾಯ ಕಟ್ಟಿ, ನನ್ನಿಂದ ಬೈಸಿಕೊಂಡು ಹೋಗುತ್ತಿದ್ದಳು. ನಾನು ಆ ಹೆಸರನ್ನು ಇನ್ನೊಂದು ಸಲ, ನಿಧಾನವಾಗಿ ಓದಿದೆ.

‘ಯಾಕಮ್ಮಾ, ಈ ಸಲ ಬೈಯ್ಲೇ ಇಲ್ಲ?’ ಎಂದಳು.

ಬಾಯಿಗೆ ಬಂದದ್ದನ್ನು ಹೇಳಿದೆ.

‘ನನ್ ತಮ್ಮ ಸೈಕಲ್ ಕಳ್ಸಿದಾನಜ್ಜಿ. ಫಾರಿನ್ನಿಂದ.’

‘ಹೌದಾ ತಲ್ಲೀ!’ ಅಜ್ಜಿಯ ಮುಖ ಅರಳಿತು. ಎರಡೂ ಕೈ ಎತ್ತಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ‘ಒಳ್ಳೇ ತಮ್ಮ. ಅಕ್ಕನ್ನ ಮರೀದೆ ಇದಾನಲ್ಲ. ನೂರು ವರ್ಷ ಚೆನ್ನಾಗಿರ್ಲಿ ಮಗಾ.’

ಮೂರು ತಿಂಗಳು ಎಲ್ಲಿ ನಿಂತಿತ್ತೋ, ಆಗ ಬಂತು. ಪಂಚಾಯಿತಿ ಕಚೇರಿಯಲ್ಲಿ, ಕಂದಾಯ ಕಟ್ಟಲು ನಿಂತಿದ್ದವರ ಎದುರಿಗೇ, ಮೇಜಿಗೆ ಹಣೆ ಹಚ್ಚಿ ಅತ್ತೆ. ಅಜ್ಜಿ ನನ್ನ ಬೆನ್ನು ಸವರುತ್ತಾ ಹಿಂದಿದ್ದವರಿಗೆ ಹೇಳುತ್ತಿದ್ದಳು:

‘ಪಾಪ, ತಮ್ಮನ್ನ ನೋಡಿ ಭಾಳ ದಿನ ಆಗೈತೆ ಅನ್ಸುತ್ತೆ.’