ವ್ಯಾನಿನ ಬಾಗಿಲು ಪೂರ್ವಕ್ಕೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮ ವ್ಯಾನಿನಲ್ಲಿ ಹಾಸಿಗೆಯೇನೋ ಇತ್ತು, ಚಾಚೋಕೆ ಜಾಗ ಇರಲಿಲ್ಲ. ಇವರ ಕಾಲು ಡ್ರೈವರ್ ಸೀಟಿನ ಬೆನ್ನಿಗೆ, ನನ್ನ ತಲೆ ಅಕ್ಕಿ ಡಬ್ಬಿಗೆ. ಇವರದು ಹೊಲಿಗೆ ಮೆಷಿನ್ ರಿಪೇರಿ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಂತ ಸುತ್ತುವವರಿಗೆ ಬಾಡಿಗೆ ಮನೆ ಯಾಕೆ, ಆ ದುಡ್ಡಲ್ಲಿ ಪೆಟ್ರೋಲೂ ಊಟವೂ ಆಗ್ತದೆ ಅಂತ ಇವರ ಲೆಕ್ಕ. ಲೆಕ್ಕ ಸರಿಯೇ ಇತ್ತು. ದಾವಣಗೆರೆಯಲ್ಲಿ ಬೆಳೆದ ನನಗೆ ಇಲ್ಲಿಯ ತುಳು ಒಂದಕ್ಷರ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಕಷ್ಟ ಇದ್ದದ್ದು ವ್ಯಾನು ನಿಲ್ಲಿಸುವುದರಲ್ಲಿ. ಪುಂಜಾಲಕಟ್ಟೆಯಲ್ಲಿ ಅಂಗಡಿ ಮುಂದೆ ಒಲೆ ಹಚ್ಚಿದ್ದಕ್ಕೆ ಎಬ್ಬಿಸಿದರು. ಪೊಳಲಿ ಹತ್ತಿರ ಒಬ್ಬರು ಇಲ್ಲಿ ಬಟ್ಟೆ ಒಣಗಿಸುವ ಹಾಗಿಲ್ಲ ಅಂದರು. ಹೋದಲ್ಲೆಲ್ಲ ಇಲ್ಲ, ಇಲ್ಲ. ಆ ಪದ ಕೇಳಿದರೇ ಮೈ ಉರಿಯುತ್ತಿತ್ತು. ಇನ್ನೊಂದು ಕಡೆ ಇಲ್ಲ ಅನ್ನಿಸಿಕೊಂಡರೆ ನಾನು ತವರಿಗೆ ಹೋಗ್ತೀನಿ, ನೀವು ವ್ಯಾನಿನ ಜೊತೆ ಸಂಸಾರ ಮಾಡಿ ಅಂದುಬಿಟ್ಟೆ. ನನಗೇನೂ ಇವರನ್ನು ಬಿಟ್ಟು ಹೋಗುವ ಮನಸ್ಸಿರಲಿಲ್ಲ, ಆದರೆ ಆಡಿದ ಮಾತು ಆಡಿಯಾಗಿತ್ತು.

ವೇಣೂರಿನಲ್ಲಿ ಒಂದು ಮನೆಯ ಗೇಟಿನ ಹೊರಗೆ, ಹಲಸಿನ ಮರದ ಕೆಳಗೆ ವ್ಯಾನು ನಿಲ್ಲಿಸಿ ಇವರು ತರಕಾರಿ ತರಲು ಹೋದರು. ನಾನು ಅಕ್ಕಿ ತೊಳೆಯುತ್ತಿದ್ದೆ. ಮನೆಯ ಯಜಮಾನಿ ಹೊರಗೆ ಬಂದರು, ವಯಸ್ಸಾದ ಹೆಂಗಸು. ಒಲೆ ನೋಡಿದರು, ಕಿಟಕಿಗೆ ಪರದೆ ಮಾಡಿದ್ದ ನನ್ನ ಹಳೆ ಸೀರೆ ನೋಡಿದರು, ಏನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು "ಇಲ್ಲ" ಅನ್ನುವುದೊಂದೇ. ಕೈ ತಿರುಗಿಸಿ ಮತ್ತೆ ಅದನ್ನೇ ಅಂದರು.

"ಇಲ್ಲ ಅಂದ್ರೆ ಇಲ್ಲ, ಗೊತ್ತಾಯ್ತು ಬಿಡಿ ಅಮ್ಮ" ಅಂದವಳೇ ನೀರು ಚೆಲ್ಲಿ, ನನ್ನ ಬಟ್ಟೆಯನ್ನೆಲ್ಲ ಬ್ಯಾಗಿಗೆ ತುರುಕಿದೆ. ಅಳು ಬಂತು. ಅಷ್ಟರಲ್ಲಿ ಇವರು ಬಂದರು. ಇಲ್ಲೂ ಇಲ್ಲ ಅಂದರು, ಬಸ್ ಸ್ಟ್ಯಾಂಡಿಗೆ ಬಿಡಿ ಅಂದೆ. ಇವರು ಆ ಅಮ್ಮನ ಜೊತೆ ತುಳುವಿನಲ್ಲಿ ಮಾತಾಡಿ ನನ್ನ ಕಡೆ ತಿರುಗಿದರು.

"ಇಲ್ಲ ಅಲ್ಲ ಮಾರಾಯ್ತಿ, ಇಲ್ಲ್. ತುಳುವಿನಲ್ಲಿ ಹಾಗಂದ್ರೆ ಮನೆ. ನಿಮ್ಮ ಮನೆ ಎಲ್ಲಿ ಅಂತ ಕೇಳ್ತಾ ಇದ್ದಾರೆ."

ನೀವೇನಂದ್ರಿ ಅಂತ ಕೇಳಿದೆ. ಇವರು ನನ್ನ ಬ್ಯಾಗನ್ನು ನೋಡಿದರು. "ಅದು ನೀನೇ ಹೇಳ್ಬೇಕು."

ಆ ಅಮ್ಮ ಇನ್ನೂ ಕಾಯುತ್ತಿದ್ದರು. ಬ್ಯಾಗನ್ನು ವ್ಯಾನಿನೊಳಗೆ, ಅಕ್ಕಿ ಡಬ್ಬಿಯ ಪಕ್ಕದಲ್ಲಿಟ್ಟೆ. ಬಾಗಿಲ ಮೇಲೆ ಕೈಯಿಟ್ಟು, ಕೊನೆಯ ಅಕ್ಷರವನ್ನು ಅರ್ಧಕ್ಕೇ ಹಿಡಿದು, "ಇಲ್ಲ್" ಅಂದೆ.

ಅವರು ನಗಲಿಲ್ಲ. ವ್ಯಾನಿಗೆ ಒಂದು ಸುತ್ತು ಬಂದು ಗೇಟು ತೆರೆದರು. ಅವರಿಗೆ ನಿಧಾನವಾಗಿ ಕನ್ನಡ ಮಾತಾಡಲು ಬರುತ್ತಿತ್ತು, ನನ್ನ ಸಿಟ್ಟು ಅದಕ್ಕೆ ಎಡೆ ಕೊಟ್ಟಿರಲಿಲ್ಲ ಅಷ್ಟೆ.

"ಹಾಗಾದರೆ ಅಂಗಳಕ್ಕೆ ತನ್ನಿ. ಮಳೆಗಾಲಕ್ಕೆ ಹಂಚಿನ ಮಾಡಿನ ಅಡಿಯಲ್ಲೇ ಜಾಗ ಉಂಟು. ಮನೆ ಅಂದ ಮೇಲೆ ಬಾಗಿಲು ಪೂರ್ವಕ್ಕೆ ಇರಲಿ, ತಿರುಗಿಸಿ ನಿಲ್ಲಿಸಿ."

ಇವರು ಹಿಂದೆ ಮುಂದೆ ಮಾಡಿ ವ್ಯಾನನ್ನು ತಿರುಗಿಸಿದರು. ನಾನು ಅಕ್ಕಿಗೆ ಮತ್ತೆ ನೀರು ಹಾಕಿದೆ.

ಸಂಜೆ ಅವ್ವ ಫೋನ್ ಮಾಡಿ, ಮನೆ ಏನಾದರೂ ಸಿಕ್ತೇನೇ ಅಂತ ಕೇಳಿದಳು. "ಇಲ್ಲ್" ಅಂದೆ. ಪಾಪ, ಅವಳು ಹಾಗಾದರೆ ಊರಿಗೆ ಬಂದುಬಿಡೇ ಅಂದಳು. ನಾನು ನಗು ಮುಗಿಸಿ ಅವಳಿಗೆ ಬಿಡಿಸಿ ಹೇಳಬೇಕಾಯಿತು.