ಮುಯ್ಯಾಳು ಮಾಡಿ ಮುಗಿಸಿದ ಚಿತ್ರಪುಸ್ತಕ

ನಮ್ಮ ಕೋಡಿಹಳ್ಳಿ ಕಡೆ ಹುಳ ಹಣ್ಣಾದ ಮನೆಗೆ ಯಾರನ್ನೂ ಬಾಯಿಬಿಟ್ಟು ಕರೆಯಬೇಕಾಗಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ರೇಷ್ಮೆಹುಳ ವಾರವೆಲ್ಲ ಸೊಪ್ಪು ಮುಕ್ಕಿ ಮುಕ್ಕಿ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಆಡಿಸುತ್ತದೆ. ಹಣ್ಣಾಯಿತು ಅನ್ನುವುದು ಅದಕ್ಕೇ. ಆಗ ಒಂದೊಂದನ್ನೂ ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕ ಸಿಕ್ಕಲ್ಲಿ ನೂಲು ಬಿಟ್ಟು ಬೆಳೆಯೇ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ಬಂದು ಕೂರುತ್ತಾರೆ. ಕೂಲಿ ಇಲ್ಲ, ಮನೆಯವರು ಊಟ ಹಾಕಬೇಕು ಅಷ್ಟೆ. ನಾಳೆ ಅವರ ಮನೆಯ ಹುಳ ಹಣ್ಣಾದಾಗ ನಾವು ಹೋಗಿ ಮುಯ್ಯಿ ತೀರಿಸಬೇಕು. ಇದಕ್ಕೆ ಮುಯ್ಯಾಳು ಅನ್ನುತ್ತಾರೆ.

ಕಾಮಿಕ್ಸ್ ಬರೆಯುತ್ತಿದ್ದ ನಾವು ನಾಲ್ಕು ಜನ ಇದನ್ನೇ ನಮ್ಮ ಕಾನೂನು ಮಾಡಿಕೊಂಡೆವು. ಯಾರ ಪುಸ್ತಕ ಮೊದಲು ಹಣ್ಣಾಗುತ್ತದೋ ಉಳಿದ ಮೂವರೂ ಅವರ ಪುಸ್ತಕಕ್ಕೆ ದುಡಿಯಬೇಕು. ಆಮೇಲೆ ಮುಂದಿನವರದು. ಈ ಕಾನೂನನ್ನು ತಂದವಳು ನಾನೇ. ಹುಳಕ್ಕೆ ಸರಿಹೋದದ್ದು ಮನುಷ್ಯರಿಗೂ ಸರಿಹೋಗುತ್ತದೆ ಎಂದು ನಾಲ್ಕೂ ಜನ ನಂಬಿದ್ದೆವು.

ನಮ್ಮ ನಾಲ್ವರಲ್ಲಿ ಎಲ್ಲರಿಗಿಂತ ಚಿಕ್ಕವಳ ಪರಿಚಯವಾದದ್ದು ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ. ಗೂಡಿಗೆ ಒಳ್ಳೆ ರೇಟು ಇದ್ದ ಕಾಲ ಅದು. ನಮ್ಮ ಕಡೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು, ಹಟ್ಟಿಗೊಂದು ಹುಳದ ಮನೆ ಎದ್ದಿತ್ತು. ನಾನು ಹಾರೋಹಳ್ಳಿಯ ಒಂದು ರಬ್ಬರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ರಜೆ ಹಾಕಿ ಅಪ್ಪನ ಜೊತೆ ಗೂಡು ತಂದವಳು ಹರಾಜಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತು ನನ್ನ ಕಾಮಿಕ್ಸ್ ಗೀಚುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಅಕ್ಕ, ಇವ್ನು ಈ ಚೌಕದಿಂದ ಆ ಚೌಕಕ್ಕೆ ಹೆಂಗೋದ? ಮಧ್ಯ ಒಂದು ಬುಟ್ಟೋಗೈತೆ."

ತಿರುಗಿ ನೋಡಿದರೆ ತೆಳ್ಳನೆಯ ಹುಡುಗಿ. ಮಾಲೀಕನ ಜೊತೆ ಗೂಡು ಕೊಳ್ಳಲು ಬಂದ, ಫಿಲೇಚರ್‌ನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಹುಡುಗಿ ಎಂದು ಕೈ ನೋಡಿದರೇ ತಿಳಿಯುತ್ತಿತ್ತು. ದಿನವೆಲ್ಲ ಕುದಿನೀರಿನಲ್ಲಿ ಆಡಿ ಬೆರಳ ತುದಿ ಬೆಳ್ಳಗೆ ಮುದುಡಿಕೊಂಡಿತ್ತು. ನನಗೆ ಸಿಟ್ಟು ಬಂತು. ನಿನಗೇನು ಗೊತ್ತಮ್ಮಿ ಎಂದೆ. ಅವಳು ನನ್ನ ಪೆನ್ಸಿಲ್ ಕಿತ್ತುಕೊಂಡು ಬಿಟ್ಟುಹೋದ ಚೌಕವನ್ನು ಬರೆದು ಕೊಟ್ಟಳು. ಚೆನ್ನಾಗಿತ್ತು. ಆಮೇಲೆ ಹನ್ನೊಂದು ವರ್ಷ ನಾವು ಹೀಗೇ ಜಗಳವಾಡಿದೆವು.

ಅವಳ ಮನೆಯವರು ದೊಡ್ಡಆಲಹಳ್ಳಿ ಹತ್ತಿರ ಕುರಿ ಸಾಕುವವರು. ಅವಳು ರಾಮನಗರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಳು. ನಮ್ಮ ಗುಂಪಿನ ಮೂರನೆಯವನು ಚನ್ನಪಟ್ಟಣದವನು, ನಾವೆಲ್ಲ ಅಣ್ಣ ಅನ್ನುತ್ತಿದ್ದೆವು, ಮರದ ಗೊಂಬೆ ಕಡೆಯುವ ಕಸುಬಿನವನು, ಚಿತ್ರಕಥೆಯ ಹುಚ್ಚು ನಮ್ಮೆಲ್ಲರಿಗಿಂತ ಜಾಸ್ತಿ. ಮಾಗಡಿಯ ಡ್ರಾಯಿಂಗ್ ಮೇಷ್ಟ್ರು ನಾಲ್ಕನೆಯವರು. ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆಯುವುದು ಅವರ ಪಾಲು. ಬಣ್ಣ ಅವಳದು. ನನ್ನ ಪಾಲಿಗೆ ಬಂದದ್ದು ಗೆರೆ ತಿದ್ದುವುದು ಮತ್ತು ಎಲ್ಲರನ್ನೂ ಬೈಯುವುದು.

ಸ್ಟೀಮ್‌ಪಂಕ್ ಎಂಬ ಮಾತನ್ನು ತಂದವನು ಚನ್ನಪಟ್ಟಣದ ಅಣ್ಣ. ಕರೆಂಟು, ಪೆಟ್ರೋಲು ಯಾವುದೂ ಬರದೆ ಲೋಕವೆಲ್ಲ ಆವಿಯ ಮೇಲೇ ಓಡುತ್ತಿದ್ದರೆ ಹೇಗಿರುತ್ತಿತ್ತು, ಹಾಗೆ ಕಲ್ಪಿಸಿಕೊಂಡು ಹಿತ್ತಾಳೆ, ಚರ್ಮ, ಗಾಲಿ, ಕೊಳವೆಗಳ ವೇಷ ಹಾಕುತ್ತಾರೆ ಎಂದು ಮೊಬೈಲಿನಲ್ಲಿ ತೋರಿಸಿದ. ನಾವು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ಅವಳು ನಕ್ಕಳು. "ಇದ್ನ ನೋಡಕ್ಕೆ ಮೊಬೈಲ್ ಯಾಕಣ್ಣ? ನಮ್ ಫಿಲೇಚರ್‌ಗೆ ಬಾ. ಆವಿ, ಗಾಲಿ, ಪೈಪು, ಎಲ್ಲ ಐತೆ."

ಬೆಂಗಳೂರಿನಲ್ಲಿ ವರ್ಷಕ್ಕೊಂದು ಸಲ ಕಾಮಿಕ್ಸ್ ಮೇಳ ನಡೆಯುತ್ತಿತ್ತು. ಪುಸ್ತಕ ಮಾರಲು ಒಂದು ಮೇಜು ಹಿಡಿದು, ಆ ವರ್ಷ ಯಾರ ಪುಸ್ತಕವೋ ಅದರ ಪಾತ್ರಗಳ ವೇಷ ಹಾಕಿಕೊಂಡು ಉಳಿದವರು ಮೇಜಿನ ಮುಂದೆ ನಿಲ್ಲಬೇಕು. ವೇಷಕ್ಕೆ ಬೇಕಾದದ್ದನ್ನೆಲ್ಲ ಕೈಯಲ್ಲೇ ಮಾಡಿಕೊಳ್ಳುತ್ತಿದ್ದೆವು. ಹಾಲೆಮರದಲ್ಲಿ ಬಳೆಯಂಥ ಎರಡು ಉಂಗುರ ಕಡೆದು, ಅದಕ್ಕೆ ಹಳದಿ ಅರಗು ಹಿಡಿಸಿ, ಒಳಗೆ ಜ್ಯೂಸ್ ಬಾಟಲಿಯ ಪ್ಲಾಸ್ಟಿಕ್ ಕೂರಿಸಿದರೆ ದೂರಕ್ಕೆ ಹಿತ್ತಾಳೆಯ ಕನ್ನಡಕವೇ. ಹಳೆ ಸೈಕಲ್ಲಿನ ಹಲ್ಲುಗಾಲಿ, ಕೆಟ್ಟ ಗಡಿಯಾರದ ಹೊಟ್ಟೆಯೊಳಗಿನ ಚಕ್ರ, ಮುರಿದ ಚಂದ್ರಿಕೆಯ ಬಿದಿರು ಸೀಳು ಎಲ್ಲವೂ ಭುಜದ ಮೇಲೆ, ಬೆಲ್ಟಿನ ಮೇಲೆ ಏರಿದವು. ನಮ್ಮ ಮನೆಯಲ್ಲಿ ಮಾತ್ರ ಈ ಕೆಲಸ ಮಾಡುವಂತಿರಲಿಲ್ಲ. ಹುಳ ಇರುವ ಮನೆಗೆ ಬಣ್ಣದ ವಾಸನೆ ಬಂದರೆ ಅಮ್ಮ ಪೊರಕೆ ಹಿಡಿಯುತ್ತಿದ್ದಳು. ಭಾನುವಾರ ಎಲ್ಲರೂ ಚನ್ನಪಟ್ಟಣದ ಅಣ್ಣನ ಶೆಡ್ಡಿನಲ್ಲಿ ಸೇರುತ್ತಿದ್ದೆವು.

ಮೊದಲು ಹಣ್ಣಾದದ್ದು ನನ್ನ ಪುಸ್ತಕ. ಆಮೇಲೆ ಅಣ್ಣನದು, ಆಮೇಲೆ ಮೇಷ್ಟ್ರದು, ಮತ್ತೆ ನನ್ನದು, ಹೀಗೇ ಸುತ್ತು ಬರುತ್ತಿತ್ತು. ಎಲ್ಲಕ್ಕೂ ಬಣ್ಣ ಹಾಕಿದವಳು ಅವಳು. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಂಚ ಹಿಡಿಯುತ್ತಿದ್ದಳು. ಅವಳ ಪುಸ್ತಕ ಪೆನ್ಸಿಲ್ಲಿನಲ್ಲೇ ಉಳಿದಿತ್ತು. ವಾರಕ್ಕೆ ಒಂದೇ ರಜೆ, ಆ ರಜೆಯೂ ನಮಗೆ ಹೋಗುತ್ತಿತ್ತಲ್ಲ, ಅವಳದು ಹಣ್ಣಾಗುವುದಾದರೂ ಎಲ್ಲಿಂದ? ಕೇಳಿದರೆ "ನಂದು ಇನ್ನೂ ಒಸಿ ಕಾಯಿ ಕಣಕ್ಕ" ಅನ್ನುವಳು. ಪುಸ್ತಕವೇನು ಹುಳವೇ, ತಡವಾದರೆ ಕೆಟ್ಟುಹೋಗಲು ಎಂದು ನಾವೂ ಒಪ್ಪಿಕೊಳ್ಳುತ್ತಿದ್ದೆವು.

ಅವಳ ಕಥೆ ನನಗೆ ಬಾಯಿಪಾಠವಾಗಿದೆ. ಗಾಳಿ ಕೆಟ್ಟುಹೋದ ಕಾಲ. ರಾಮನಗರದ ಬಂಡೆಗಳ ಮೇಲೆ ಒಬ್ಬಳು ಕುರಿ ಮೇಯಿಸುವ ಹುಡುಗಿ. ಅವಳ ಕುರಿಗಳಿಗೆ ಹಿತ್ತಾಳೆ ಕಾಲು, ಬೆನ್ನ ಮೇಲೆ ಪುಟ್ಟ ಹೊಗೆಕೊಳವೆ. ಹುಡುಗಿಯ ಬೆನ್ನಿಗೆ ತಾಮ್ರದ ಹಂಡೆ, ಅದರಿಂದ ಮೂಗಿಗೊಂದು ಕೊಳವೆ. ಆವಿ ಕುಡಿದರೆ ಮಾತ್ರ ಅವಳಿಗೆ ಉಸಿರು.

ಬರೆದವಳಿಗೆ ಆವಿಯೇ ಉಸಿರು ಕಟ್ಟಿಸುತ್ತಿತ್ತು. ಫಿಲೇಚರ್‌ನಲ್ಲಿ ಎಲ್ಲರೂ ಕೆಮ್ಮುತ್ತಾರೆ, ಹಾಗಾಗಿ ಮೊದಮೊದಲು ಅವಳ ಕೆಮ್ಮು ಯಾರಿಗೂ ಸುದ್ದಿಯಾಗಲಿಲ್ಲ. ಬರಬರುತ್ತಾ ಬಸ್ಸು ಹತ್ತಿ ಬಂದರೆ ಸಾಕು ಕಾಲು ಗಂಟೆ ಮಾತು ಹೊರಡುತ್ತಿರಲಿಲ್ಲ. ಬೇಯಿಸಿದ ಗೂಡಿನ ಆವಿ, ಹುಳದ ಧೂಳು ಎರಡೂ ಇವಳಿಗೆ ಆಗುವುದಿಲ್ಲ, ಈ ಕೆಲಸ ಬಿಡಬೇಕು ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದರು. ಊರಿಗೆ ಹೋದಾಗ ಆರಾಮಾಗುತ್ತಿದ್ದಳು. ಆದರೂ ವಾಪಸ್ಸು ಬರುತ್ತಿದ್ದಳು. ನಾನು ಬೈದೆ, ಕೂಗಾಡಿದೆ, ಎರಡು ತಿಂಗಳು ಮಾತು ಬಿಟ್ಟೆ.

"ಊರಲ್ಲಿ ಕುಂತ್ರೆ ಮದ್ವೆ ಮಾಡ್ಬುಡ್ತಾರೆ ಕಣಕ್ಕ" ಎಂದಳು. "ಆಮೇಲೆ ಯಾವ್ ಕುರಿಗೆ ಹಿತ್ತಾಳೆ ಕಾಲು ಹಾಕ್ಲಿ? ಇಲ್ಲಿ ನಂಗೊಂದು ರೂಮೈತೆ, ಒಂದು ಮೂಲೆ ಐತೆ."

ಮದುವೆಯಾಗದೆ ಹಠ ಹಿಡಿದು ಕೂತಿದ್ದವಳು ನಾನು. ಅವಳಿಗೆ ಬುದ್ಧಿ ಹೇಳುವ ಮುಖ ನನಗೆ ಎಲ್ಲಿತ್ತು?

ಆ ವರ್ಷ ಮುಂದಿನ ಸರದಿ ಇವಳದೇ, ಹಣ್ಣಾಗಲಿ ಕಾಯಾಗಲಿ ಎಂದು ಮೂವರೂ ತೀರ್ಮಾನ ಮಾಡಿದೆವು. ವೇಷದಿಂದಲೇ ಶುರು ಮಾಡೋಣ ಎಂದು ಅವಳ ಕಥೆಯ ಹುಡುಗಿಯ ಮುಖವಾಡಕ್ಕೆ ಕೈ ಹಾಕಿದೆ. ಕಾರ್ಖಾನೆಯಲ್ಲಿ ರಿಜೆಕ್ಟಾದ ರಬ್ಬರ್ ವಾಷರು, ಎರಡು ಟೀ ಸೋಸುವ ಜಾಲರಿ, ಗ್ಯಾಸ್ ಸ್ಟೌವಿನ ಹಳೆ ಪೈಪು. ಸುತ್ತಲೂ ಅಣ್ಣ ಕಡೆದುಕೊಟ್ಟ ಅರಗಿನ ಬಿಲ್ಲೆಗಳು. ಜಾಲರಿಯ ಒಳಗೆ ಮೀನಿನ ತೊಟ್ಟಿಯ ಸ್ಪಂಜು ತುರುಕಿದೆ, ಮೂಗಿಗೆ ಒತ್ತದಿರಲಿ ಎಂದು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ನನ್ನ ಕೈಯಿಂದ ಅಷ್ಟು ಚೆಂದದ ವಸ್ತು ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಅವಳು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ಬಹಳ ಹೊತ್ತು ನಿಂತಳು. ಮಾರನೆಯ ದಿನ ಫಿಲೇಚರ್‌ಗೂ ಹಾಕಿಕೊಂಡು ಹೋದಳಂತೆ. ಜೊತೆಯ ಹುಡುಗಿಯರು ನಕ್ಕು ನಕ್ಕು ಸುಸ್ತಾದರಂತೆ. ಫೋನಿನಲ್ಲಿ ಹೇಳಿದಳು, "ಉಸ್ರು ಒಸಿ ಹಗುರಾದಂಗೈತೆ ಕಣಕ್ಕ."

"ಅದ್ರಲ್ಲಿ ಏನೂ ಇಲ್ಲ ಕಣಮ್ಮಿ, ಬರೀ ಸ್ಪಂಜು" ಎಂದೆ.

"ಗೊತ್ತು" ಎಂದಳು.

ಚಳಿ ಶುರುವಾದ ಮೇಲೆ ಅವಳ ಒಡಹುಟ್ಟಿದ ಅಣ್ಣಂದಿರು ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದರು. ಈ ಸಲ ಊರಿಗೆ ಹೋದರೂ ಆರಾಮಾಗಲಿಲ್ಲ. ಕನಕಪುರದ ಆಸ್ಪತ್ರೆಗೆ ಎರಡು ಸಲ ಸೇರಿಸಿದರು. ಎರಡನೇ ಸಲ ಅಲ್ಲಿಂದ ಬರಲಿಲ್ಲ. ನಾನು ಕಾರ್ಖಾನೆಯ ಗೇಟಿನ ಹೊರಗೆ ನಿಂತು ಫೋನು ಎತ್ತಿಕೊಂಡೆ. ಎದುರಿಗೆ ಲಾರಿಗಳು ಹೋಗುತ್ತಿದ್ದವು, ಅವುಗಳ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದು ಎರಡು ಸಲ ಹೇಳಿಸಿಕೊಂಡೆ. ಮೊದಲ ಸಲವೇ ಕೇಳಿಸಿತ್ತು.

ತಿಥಿ ಮುಗಿದ ಮೇಲೆ ಅವಳ ಪೆನ್ಸಿಲ್ ಹಾಳೆಗಳನ್ನು ರೂಮಿನ ಹುಡುಗಿಯರಿಂದ ತಂದುಕೊಂಡು ಶೆಡ್ಡಿನಲ್ಲಿ ಕೂತೆವು. ಸೊಪ್ಪು ಕುಯ್ಯುವ ಕಾಲವಿರಲಿ, ಶಾಲೆಯ ಪರೀಕ್ಷೆ ಇರಲಿ, ಒಂದು ಭಾನುವಾರವೂ ತಪ್ಪಿಸಲಿಲ್ಲ. ಮೇಷ್ಟ್ರು ಅಕ್ಷರ ಬರೆದರು. ನಾನು ಗೆರೆ ತಿದ್ದಿದೆ. ಬಣ್ಣ ಯಾರು ಹಾಕುವುದು ಎಂದು ಮುಖ ಮುಖ ನೋಡಿಕೊಂಡೆವು. ಕೊನೆಗೆ ಮೂವರೂ ಹಾಕಿದೆವು, ಮೂವರದೂ ಕೆಟ್ಟದಾಗಿಯೇ ಬಂತು. ಆ ಜೀವ ಇದ್ದಾಗಲೇ ಹೀಗೆ ಕೂತಿದ್ದರೆ ಎಂದು ಅಣ್ಣ ಒಂದು ದಿನ ಅಂದುಬಿಟ್ಟ. ಆ ದಿನ ಯಾರೂ ಕುಂಚ ಮುಟ್ಟಲಿಲ್ಲ.

ಕೊನೆಯ ಪುಟವನ್ನು ಮಾತ್ರ ಅವಳ ಮನೆಯಲ್ಲೇ ಮುಗಿಸಬೇಕು ಎಂದು ಬಣ್ಣದ ಡಬ್ಬಿ ಕಟ್ಟಿಕೊಂಡು ದೊಡ್ಡಆಲಹಳ್ಳಿ ಕಡೆಗೆ ಹೊರಟೆವು. ಮುಯ್ಯಾಳುಗಳು ಬರುತ್ತಾರೆ ಎಂದು ಅವಳ ಅವ್ವ ಮರಿ ಕುಯ್ಯಿಸಿದ್ದರು. ಹಟ್ಟಿ ತುಂಬ ಮಕ್ಕಳು, ಕುರಿ, ಸೊಸೆಯಂದಿರು. ನಡುಮನೆಯ ಗೂಟದಲ್ಲಿ ಕಂಬಳಿಯ ಪಕ್ಕ ನನ್ನ ಮುಖವಾಡ ನೇತುಹಾಕಿತ್ತು.

"ಕೊನೇಲಿ ಇದ್ನೇ ಹಾಕ್ಕಂಡು ಕುಂತಿರೋಳು" ಎಂದರು ಅವ್ವ. "ಇದ್ರೊಳಗೆ ಏನಾರ ಔಸ್ತಿ ಇತ್ತಾ ಮಗ?"

ಸುಳ್ಳು ಹೇಳಬೇಕೆನಿಸಿತು. ಆಗಲಿಲ್ಲ. "ಇರ್ಲಿಲ್ಲ ಕಣವ್ವ, ಬರೀ ಸ್ಪಂಜು" ಎಂದೆ. ಅವರು ತಲೆಯಾಡಿಸಿ ಎಲೆ ಹಾಕಲು ಹೋದರು. ನನಗೆ ಅಳು ತಡೆಯಲಾಗಲಿಲ್ಲ. ಮುದ್ದೆ ಮುರಿಯುತ್ತಾ ಅತ್ತೆ, ಅಳುತ್ತಾ ಉಂಡೆ.

ಊಟವಾದ ಮೇಲೆ ಹಾಳೆಗಳನ್ನು ಒಂದೊಂದಾಗಿ ಅವರ ಮುಂದೆ ಹರಡಿದೆವು. ಅವರಿಗೆ ಓದು ಬರುವುದಿಲ್ಲ. ಹಿತ್ತಾಳೆ ಕಾಲಿನ ಕುರಿಗಳ ಮೇಲೆ ಬೆರಳಾಡಿಸಿ, ಇದು ನಮ್ಮ ಕರಿ ಕುರಿ, ಇದು ಕಳೆದುಹೋದದ್ದು ಎಂದು ಗುರುತು ಹಿಡಿದರು. ಬಂಡೆಯ ತುದಿಯಲ್ಲಿ ಹುಡುಗಿ ಕುರಿಗಳನ್ನು ಎಣಿಸುತ್ತಾ ನಿಂತ ಕೊನೆಯ ಪುಟಕ್ಕೆ ಬಂದು ಬೆರಳು ನಿಂತಿತು.

"ಇದೊಂದ್ಯಾಕೆ ಬೆಳ್ಳಗೈತೆ?"

"ಈಗ ಕೂತ್ಕಂಡು ಹಾಕ್ತೀವಿ ಕಣವ್ವ" ಎಂದ ಅಣ್ಣ. "ಅಲ್ಲಿಗೆ ಮುಗೀತು."

"ಮುಗುದ್ರೆ ನನ್ ಮಗಳ ಮುಯ್ಯಿ ತೀರ್ದಂಗಲ್ವಾ?"

ಹೂಂ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು.

ಅವ್ವ ಆ ಹಾಳೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ತೀರೋದ್ಮೇಲೆ ನೀವ್ಯಾಕೆ ಈ ಕಡೆ ಬಂದೀರಿ? ಅವಳ ಮಾತಾಡಕ್ಕೆ ನಂಗೆ ಬ್ಯಾರೆ ಯಾರವ್ರೆ? ಇದೊಂದು ಹಂಗೇ ಇರ್ಲಿ ಬುಡಿ."

ಅಣ್ಣ ತೆಗೆದಿದ್ದ ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ. ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಬಂದೆವು. ಪುಸ್ತಕ ಹಾಗೆಯೇ ಅಚ್ಚಾಯಿತು, ಕೊನೆಯ ಪುಟ ಬರೀ ಪೆನ್ಸಿಲ್ಲಿನಲ್ಲಿ. ಮೇಳದಲ್ಲಿ ಕೊಂಡವರು ಪ್ರಿಂಟು ತಪ್ಪಿದೆಯೇ ಎಂದು ಕೇಳುತ್ತಾರೆ. ಅದು ಇನ್ನೂ ಹಣ್ಣಾಗಿಲ್ಲ ಎಂದು ಹೇಳುತ್ತೇನೆ. ವರ್ಷಕ್ಕೊಂದು ಸಲ ನಾವು ಮೂವರೂ ಬಣ್ಣದ ಡಬ್ಬಿ ತೆಗೆದುಕೊಂಡು ಅವ್ವನ ಮನೆಗೆ ಹೋಗುತ್ತೇವೆ. ಅವರು ಆ ಹಾಳೆ ತಂದು ಮುಂದಿಡುತ್ತಾರೆ. ಊಟ ಮಾಡಿ, ಸಾಯಂಕಾಲದ ಬಸ್ಸಿನ ತನಕ ಅವಳ ಮಾತಾಡಿ, ಡಬ್ಬಿ ತೆರೆಯದೆ ವಾಪಸ್ಸು ಬರುತ್ತೇವೆ.