ಬೀರಲಿಂಗನ ಮೂರನೆಯ ಕೇಸು

ಬಾದಾಮಿಯಿಂದ ಪಟ್ಟದಕಲ್ಲಿಗೆ ಟಂಟಂ ಆಟೋ ಓಡಿಸುತ್ತಿದ್ದ ಬೀರಲಿಂಗನ ಗಾಡಿಯಲ್ಲಿ ನಾನು ಆರು ವರ್ಷ ಓಡಾಡಿದ್ದೇನೆ. ಪಟ್ಟದಕಲ್ಲಿನ ಶಾಲೆಯಲ್ಲಿ ನಾನು ಮಾಸ್ತರ; ಬಸ್ಸು ತಪ್ಪಿದ ದಿನ ಅವನೇ ಗತಿ. ಕೈ ಬಲು ಚೊಕ್ಕ. ತಗ್ಗುದಿಣ್ಣೆಯ ಆ ರಸ್ತೆಯಲ್ಲಿ ಬಸುರಿ ಹೆಂಗಸರು ಅವನ ಗಾಡಿಗಾಗಿಯೇ ಕಾಯುತ್ತಿದ್ದರು. ಆದರೆ ಬೆಳಗಿನ ಎಂಟಕ್ಕೇ ಬಾಯಿಂದ ಕುಡಿತದ ವಾಸನೆ. ಅದನ್ನು ಮುಚ್ಚಲು ಏಲಕ್ಕಿ ಜಗಿಯುತ್ತಿದ್ದ. "ಬೀರ್ಯಾ ಏಲಕ್ಕಿ ವ್ಯಾಪಾರ ಚಾಲೂ ಮಾಡ್ಯಾನ" ಎಂದು ನಾವೆಲ್ಲ ನಗುತ್ತಿದ್ದೆವು.

ಮೊದಲ ಸಲ ಸ್ಟೇಷನ್ ರಸ್ತೆಯಲ್ಲಿ ಪೊಲೀಸರು ಮಶೀನು ಊದಿಸಿದರು. ದಂಡ ಬಿತ್ತು, ಆರು ತಿಂಗಳು ಲೈಸನ್ಸು ಅಮಾನತಾಯಿತು. ನಾಲ್ಕನೆಯ ದಿನ ನೋಡಿದರೆ ಗಾಡಿ ಮತ್ತೆ ಸ್ಟ್ಯಾಂಡಿನಲ್ಲಿ.

"ಏನಲೇ, ಲೈಸನ್ಸ್ ಇಲ್ಲಲ್ಲೋ?" ಎಂದೆ.

"ಲೈಸನ್ಸ್ ಹಿಡದಿಟ್ಟಾರ್ರಿ ಮಾಸ್ತರ, ಕೈ ಹಿಡದಿಟ್ಟಿಲ್ಲ. ಹತ್ರಿ."

ಹತ್ತಿದೆ.

ಎರಡು ತಿಂಗಳು ಕಳೆದಿರಬೇಕು. ಪಟ್ಟದಕಲ್ಲಿನ ತಿರುವಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಲಾಡಬಿಯ ಮೇಲೆ ಗಾಡಿ ಹಾಯಿತು. ನಾನು ಅವನ ಪಕ್ಕದಲ್ಲೇ ಇದ್ದೆ. ಬೀರಲಿಂಗ ಕೆಳಗಿಳಿದ. ಮುದುಕಿ ಚೀರುತ್ತಿದ್ದಳು. ಅವನು ಮೊದಲು ಮಾಡಿದ್ದು, ಕಿಸೆಯಿಂದ ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡದ್ದು. ಬಾಗಲಕೋಟೆಯ ದವಾಖಾನೆಯಲ್ಲಿ ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕೇಸು ವಿಚಾರಣೆಗೆ ಬರಲು ಎರಡು ವರ್ಷ ಹಿಡಿಯಿತು. ಜಾಮೀನಿನ ಮೇಲಿದ್ದ ಬೀರಲಿಂಗ ನನ್ನ ಸಾಕ್ಷಿಯ ಹಿಂದಿನ ದಿನ ಹೆಂಡತಿ ಬಾಳಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ.

"ಬ್ರೇಕ್ ಹತ್ಲಿಲ್ಲ ಅಂದ್ಬಿಡ್ರಿ ಮಾಸ್ತರ. ನೀವ್ ಅಂದ್ರ ಕೋರ್ಟಿನ್ಯಾಗ ನಂಬ್ತಾರ."

ಬಾಳಮ್ಮ ಬಾಗಿಲಲ್ಲೇ ನಿಂತಿದ್ದಳು.

ಕೋರ್ಟಿನಲ್ಲಿ ನಾನು ಇದ್ದದ್ದನ್ನೇ ಹೇಳಿದೆ. ಕುಡಿದಿದ್ದ, ವಾಸನೆ ಬರುತ್ತಿತ್ತು, ಲೈಸನ್ಸು ಇಲ್ಲದ್ದೂ ನನಗೆ ಗೊತ್ತಿತ್ತು ಎಂದೆ. ಅವನ ವಕೀಲ ಎದ್ದುನಿಂತ.

"ಇಷ್ಟೆಲ್ಲ ಗೊತ್ತಿದ್ದ ಮ್ಯಾಲೆ ನೀವ್ ಹತ್ತಿದ್ದ್ಯಾಕ್ರಿ?"

"ಬಸ್ ತಪ್ಪಿತ್ರಿ. ಸಾಲಿಗೆ ತಡ ಆಗತಿತ್ತು."

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ನನ್ನನ್ನೇ ಒಂದು ಗಳಿಗೆ ನೋಡಿ, ಬರೆದುಕೊಳ್ಳತೊಡಗಿದರು.

ಬೀರಲಿಂಗನಿಗೆ ಒಂದು ವರ್ಷ ಶಿಕ್ಷೆಯಾಯಿತು, ಲೈಸನ್ಸು ಕಾಯಂ ಆಗಿ ರದ್ದಾಯಿತು. ನನಗೆ ಏನೂ ಆಗಲಿಲ್ಲ. ಲಾಡಬಿ ಈಗಲೂ ಅದೇ ತಿರುವಿನಲ್ಲಿ ಕೂರುತ್ತಾಳೆ. ಎಲ್ಲರಿಗೂ ಹಣ್ಣು ಕೊಡುತ್ತಾಳೆ. ನನ್ನನ್ನು ಕಂಡರೆ ಬುಟ್ಟಿಗೆ ಸೆರಗು ಮುಚ್ಚುತ್ತಾಳೆ.

ಜೈಲಿನಿಂದ ಹೊರಗೆ ಬಂದ ಇಪ್ಪತ್ತನೆಯ ದಿನಕ್ಕೆ ಬೀರಲಿಂಗ ಮತ್ತೆ ಸಿಕ್ಕಿಬಿದ್ದ. ಯಾರದೋ ಬೈಕು, ಮಹಾಕೂಟದ ರಸ್ತೆ, ಹಾಡಹಗಲು. ತಡೆದ ಪೊಲೀಸನ ಮುಂದೆಯೇ ಗಾಡಿ ಸಮೇತ ಉರುಳಿದನಂತೆ. ಜಾಮೀನಿಗೆ ಯಾರೂ ಹೋಗಲಿಲ್ಲ.

ಮರುವಾರ ಬಾಳಮ್ಮ ಶಾಲೆಗೆ ಬಂದಳು. ರೊಟ್ಟಿ ಬಡಿಯುವ ಕೆಲಸದಿಂದ ನೇರ ಬಂದಿದ್ದಳು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಗಂಡನನ್ನು ಬಿಡಿಸಿಕೊಡಿ ಎಂದು ಕೇಳುತ್ತಾಳೆಂದು ತಿಳಿದು ನಾನು ನೆಪ ಹುಡುಕುತ್ತಿದ್ದೆ.

"ಈ ಸಲ ಎಷ್ಟ್ ತಿಂಗಳ ಹಾಕ್ತಾರ್ರಿ?"

"ಹೇಳಾಕ ಬರೂದಿಲ್ಲವ್ವಾ. ಛಲೋ ವಕೀಲರನ್ನ ಹಿಡದ್ರ ಕಡಿಮಿ ಆಗಬಹುದು."

"ಕಡಿಮಿ ಅಲ್ರಿ ಮಾಸ್ತರ," ಎಂದಳು. "ಹೆಚ್ಚಿಗಿ ಆಗಾಕ ಏನ್ ಮಾಡಬೇಕು, ಅದನ್ನ ಹೇಳ್ರಿ. ಅಂವ ಒಳಗಿದ್ದ ಒಂದ ವರ್ಷ ನಾ ಹೆದರಿಕಿ ಇಲ್ಲದ ಮಲಗೇನಿ. ಮದಿವ್ಯಾಗಿ ಹದಿನೆಂಟ ವರ್ಷದಾಗ ಅದೊಂದ ವರ್ಷ."

ನಾನು ಕ್ಲಾಸಿಗೆ ತಡವಾಯಿತೆಂದು ಎದ್ದೆ. ಅವಳು ಬಾದಾಮಿಯ ಬಸ್ಸಿಗೆ ಹೊರಟುಹೋದಳು.